ಕೈಗುಣವನ್ನು ಎಣಿಸುವುದು ಹೇಗೆ? ಮದ್ದು ಕೆಲಸ ಮಾಡಿತೆಂದು ಆಸ್ಪತ್ರೆಯ ಸಂಶೋಧನೆ ಕಂಡುಕೊಳ್ಳುವ ಬಗೆ

‘ಆ ಡಾಕ್ಟರ ಕೈಗುಣ ಚೆನ್ನಾಗಿದೆ’ ಎಂಬುದು ನಮ್ಮಲ್ಲಿ ಯಾವ ಡಿಗ್ರಿಗೂ ಕಡಿಮೆಯಿಲ್ಲದ ಸರ್ಟಿಫಿಕೇಟು. ಆ ಕೈಯಿಂದ ಮದ್ದು ತೆಗೆದುಕೊಂಡವರು ಗುಣವಾಗುತ್ತಾರೆ ಎಂದು ಅದರರ್ಥ. ಆಸ್ಪತ್ರೆಗಳಲ್ಲಿ ನಡೆಯುವ ಕ್ಲಿನಿಕಲ್ ಸಂಶೋಧನೆ ಕೇಳುವುದೂ ಅದನ್ನೇ: ಈ ಚಿಕಿತ್ಸೆ ಪಡೆದವರು ಗುಣವಾಗುತ್ತಾರೆಯೇ? ಕೈಗುಣದ ಲೆಕ್ಕವನ್ನು ನೆನಪು ಇಡುತ್ತದೆ, ಸಂಶೋಧನೆಯ ಲೆಕ್ಕವನ್ನು ರಿಜಿಸ್ಟರು ಇಡುತ್ತದೆ. ಗುಣವಾದವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ತೀರಿಕೊಂಡವರು ಏನನ್ನೂ ಹೇಳುವುದಿಲ್ಲ. ಹಾಗಾಗಿ ನೆನಪಿನ ಲೆಕ್ಕ ಯಾವಾಗಲೂ ಒಂದೇ ಕಡೆ ವಾಲಿರುತ್ತದೆ.

ಈ ವಿಷಯ ಸಾಮಾನ್ಯರ ಮನೆಬಾಗಿಲಿಗೆ ಬಂದದ್ದು ಕೋವಿಡ್ ಕಾಲದಲ್ಲಿ. ಈಗಲೂ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ‘ಒಂದು ಟ್ರಯಲ್ (ಮದ್ದಿನ ಪ್ರಯೋಗ) ನಡೀತಾ ಇದೆ, ಸೇರ್ತೀರಾ?’ ಎಂದು ಕೇಳಿದರೆ ಮನೆಯವರು ಗಾಬರಿಯಾಗುತ್ತಾರೆ. ‘ಈ ಮದ್ದಿನಿಂದ ಸಾವು ಮೂರನೇ ಒಂದು ಭಾಗ ಕಡಿಮೆ’ ಎಂಬ ಸುದ್ದಿ ಬಂದರೆ ಅದು ನಮ್ಮ ರೋಗಿಗೂ ಅನ್ವಯಿಸುತ್ತದೆಯೇ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಪ್ಲಾಸ್ಮಾ ಮತ್ತು ಡೆಕ್ಸಾಮೆಥಾಸೋನ್ ಎಂಬ ಎರಡು ಚಿಕಿತ್ಸೆಗಳನ್ನು ಮುಂದಿಟ್ಟುಕೊಂಡರೆ ಈ ಲೆಕ್ಕದ ಹೆಚ್ಚಿನ ಭಾಗ ಅರ್ಥವಾಗುತ್ತದೆ.

ಕಾಗೆ ಕೂತಿತು, ಕೊಂಬೆ ಮುರಿಯಿತು

ಕಾಕತಾಳೀಯ ಎಂಬ ಮಾತಿನಲ್ಲೇ ಅರ್ಧ ಪಾಠವಿದೆ. ಕಾಗೆ ಬಂದು ಕೂತಿತು, ಅದೇ ಗಳಿಗೆಗೆ ತಾಳೆಹಣ್ಣು ಬಿತ್ತು. ಬೀಳಿಸಿದ್ದು ಕಾಗೆಯೋ, ಹಣ್ಣೇ ಕಳಿತಿತ್ತೋ?

ಕೋವಿಡ್‌ನಿಂದ ಚೇತರಿಸಿಕೊಂಡವರ ರಕ್ತದ ಹಳದಿ ದ್ರವವೇ ಕಾನ್ವಲೆಸೆಂಟ್ ಪ್ಲಾಸ್ಮಾ. ಅದರಲ್ಲಿ ವೈರಸ್ಸಿನ ವಿರುದ್ಧದ ಪ್ರತಿಕಾಯಗಳಿರುತ್ತವೆ, ಅವನ್ನು ಇನ್ನೊಬ್ಬ ರೋಗಿಗೆ ಏರಿಸಿದರೆ ಅನುಕೂಲವಾಗಬೇಕು ಎಂಬುದು ತರ್ಕ. ತರ್ಕದಲ್ಲಿ ತಪ್ಪೇನೂ ಇಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ‘ಬಿ ಪಾಸಿಟಿವ್ ಪ್ಲಾಸ್ಮಾ ತುರ್ತಾಗಿ ಬೇಕು’ ಎಂಬ ಸಂದೇಶ ಬಾರದ ವಾಟ್ಸ್ಆ್ಯಪ್ ಗುಂಪೇ ಇರಲಿಲ್ಲ. ಪ್ಲಾಸ್ಮಾ ಪಡೆದವರಲ್ಲಿ ಬಹಳ ಮಂದಿ ಬದುಕಿದರು. ಪಡೆಯದವರಲ್ಲೂ ಬಹಳ ಮಂದಿ ಬದುಕಿದರು ಎಂಬುದನ್ನು ನೋಡುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ.

ಇಲ್ಲಿ ಮೂರು ಬಗೆಯ ಮೋಸ ಒಟ್ಟಿಗೆ ನಡೆಯುತ್ತದೆ. ಮೊದಲನೆಯದು, ರೋಗ ತಾನಾಗಿಯೇ ಇಳಿಯುವುದು. ನೆಗಡಿಗೆ ಮದ್ದು ತೆಗೆದುಕೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಎನ್ನುವುದಿಲ್ಲವೇ, ಹಾಗೆ. ಎರಡನೆಯದು ಆಯ್ಕೆ. ಓಡಾಡುವ ನೆಂಟರು, ದುಡ್ಡು, ಒಳ್ಳೆಯ ಐಸಿಯು ಇರುವವರಿಗೇ ಪ್ಲಾಸ್ಮಾ ಸಿಗುತ್ತದೆ, ಮತ್ತು ಅವರು ಪ್ಲಾಸ್ಮಾ ಇಲ್ಲದೆಯೂ ಉಳಿದವರಿಗಿಂತ ಹೆಚ್ಚು ಬದುಕುವವರೇ. ಮೂರನೆಯದನ್ನು ವೈದ್ಯರೂ ಮರೆಯುವುದುಂಟು. ದಾನಿಯನ್ನು ಹುಡುಕಿ, ರಕ್ತದ ಗುಂಪು ಹೊಂದಿಸಿ, ಪ್ಲಾಸ್ಮಾ ತರಲು ಎರಡು ದಿನ ಹಿಡಿಯಿತು ಎನ್ನಿ. ಆ ಎರಡು ದಿನ ಬದುಕಿದ್ದವರಿಗೆ ಮಾತ್ರ ಪ್ಲಾಸ್ಮಾ ಸಿಕ್ಕಿತು. ಬರುವ ಮೊದಲೇ ತೀರಿಕೊಂಡವರು ‘ಪ್ಲಾಸ್ಮಾ ಸಿಗದವರು’ ಎಂಬ ಪಟ್ಟಿಗೆ ಸೇರಿದರು. ಆಮೇಲೆ ಎರಡೂ ಪಟ್ಟಿಗಳನ್ನು ಹೋಲಿಸಿದರೆ, ಏರಿಸಿದ್ದು ಬರೀ ಉಪ್ಪುನೀರಾಗಿದ್ದರೂ ಅದು ಜೀವ ಉಳಿಸಿದಂತೆ ಕಾಣುತ್ತದೆ.

‘ಫಲಿತಾಂಶ’ ಎಂದರೆ ಯಾವುದನ್ನು ಎಣಿಸುವುದು?

ರೋಗಿಗೆ ಕೊನೆಗೆ ಏನಾಯಿತು ಎಂಬುದೇ ಫಲಿತಾಂಶ. ಬದುಕಿದರೇ, ವೆಂಟಿಲೇಟರ್ ಬೇಕಾಯಿತೇ, ಎಷ್ಟು ದಿನಕ್ಕೆ ಮನೆಗೆ ಹೋದರು, ತಿಂಗಳೊಳಗೆ ಮತ್ತೆ ದಾಖಲಾದರೇ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡರೇ ಎಂಬಂಥವು. ಇವುಗಳಲ್ಲಿ ಮುಖ್ಯವಾದ ಒಂದನ್ನು, ಸಂಶೋಧನೆ ಶುರುವಾಗುವ ಮೊದಲೇ, ಬರೆದಿಡಬೇಕು. ಇದಕ್ಕೆ ಪ್ರಾಥಮಿಕ ಫಲಿತಾಂಶ ಎನ್ನುತ್ತಾರೆ. ಮೊದಲೇ ಬರೆಯದೆ ಇಪ್ಪತ್ತು ಬಗೆಯ ಅಳತೆ ಮಾಡಿ, ಚೆನ್ನಾಗಿ ಬಂದ ಒಂದನ್ನು ಮಾತ್ರ ತೋರಿಸುವುದು, ಗೋಡೆಗೆ ಬಾಣ ಹೊಡೆದು ಆಮೇಲೆ ಅದರ ಸುತ್ತ ವೃತ್ತ ಬರೆದಂತೆ.

ಸಾಮಾನ್ಯವಾಗಿ 28 ದಿನ ಅಥವಾ 30 ದಿನದ ಸಾವನ್ನು ಎಣಿಸುತ್ತಾರೆ. ಆಸ್ಪತ್ರೆಯೊಳಗಿನ ಸಾವನ್ನಷ್ಟೇ ಎಣಿಸಿದರೆ ನಮ್ಮಲ್ಲಿ ದೊಡ್ಡ ತೂತು ಬೀಳುತ್ತದೆ. ‘ಇನ್ನು ಆಶೆಯಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದಾಗ, ಅಥವಾ ಬಿಲ್ಲು ಕಟ್ಟಲಾಗದೆ ಸಹಿ ಹಾಕಿ ಬಿಡಿಸಿಕೊಂಡು ಹೋದಾಗ, ಆ ರೋಗಿ ಆಸ್ಪತ್ರೆಯ ಪುಸ್ತಕದಲ್ಲಿ ಬಿಡುಗಡೆಯಾದವರು. ಎರಡು ದಿನದ ನಂತರದ ಸಾವು ಆ ಪುಸ್ತಕಕ್ಕೆ ಬರುವುದಿಲ್ಲ. ಅದಕ್ಕೇ 28ನೇ ದಿನ ಮನೆಗೆ ಫೋನ್ ಮಾಡುವುದು ಸಂಶೋಧನೆಯ ಅತಿ ಬೇಸರದ ಮತ್ತು ಅತಿ ಮುಖ್ಯದ ಕೆಲಸ. ನಂಬರ್ ಬದಲಾಗಿ, ಊರು ಬದಲಾಗಿ ಕೈತಪ್ಪಿದವರು ಹೆಚ್ಚಾದಷ್ಟೂ ಉತ್ತರ ಸಡಿಲವಾಗುತ್ತದೆ. ಕೈತಪ್ಪಿದವರೆಲ್ಲ ಸುಖವಾಗಿದ್ದಾರೆ ಎಂದುಕೊಳ್ಳಲು ಆಧಾರವಿಲ್ಲ.

ಇನ್ನು ಬದಲಿ ಅಳತೆಗಳು. ಸಾವು ಎಣಿಸಲು ಕಾಯಬೇಕು, ಲ್ಯಾಬ್ ರಿಪೋರ್ಟು ಬೇಗ ಸಿಗುತ್ತದೆ. ಹಾಗಾಗಿ ಸಕ್ಕರೆ ಇಳಿಯಿತು, ವೈರಸ್ ನೆಗೆಟಿವ್ ಬಂತು, ಇಸಿಜಿ ಸರಿಹೋಯಿತು ಎಂಬುದನ್ನೇ ಗುಣ ಎಂದು ಎಣಿಸುವ ಆಸೆ. ಇದು ಎಷ್ಟು ಅಪಾಯಕಾರಿ ಎಂದು ತೋರಿಸಿದ್ದು ಅಮೆರಿಕದ ‘ಕಾಸ್ಟ್’ ಎಂಬ ಅಧ್ಯಯನ. ಹೃದಯಾಘಾತದ ನಂತರ ಎದೆಬಡಿತ ತಪ್ಪುವವರು ಹಠಾತ್ತನೆ ಸಾಯುವುದು ಹೆಚ್ಚು, ಆದ್ದರಿಂದ ಬಡಿತ ಸರಿಪಡಿಸುವ ಮದ್ದು ಕೊಟ್ಟರೆ ಸಾವು ತಪ್ಪುತ್ತದೆ ಎಂದು ಎಷ್ಟೋ ವೈದ್ಯರು ನಂಬಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಎರಡು ಮದ್ದುಗಳು ಬಡಿತವನ್ನು ನಿಜವಾಗಿಯೂ ಸರಿಪಡಿಸುತ್ತಿದ್ದವು. 755 ಮಂದಿಗೆ ಮದ್ದು, 743 ಮಂದಿಗೆ ನೋಡಲು ಅದರಂತೆಯೇ ಇರುವ ಹುಸಿಮಾತ್ರೆ ಕೊಟ್ಟು ಸರಾಸರಿ 10 ತಿಂಗಳು ಗಮನಿಸಿದರು. ಮದ್ದಿನ ಗುಂಪಿನಲ್ಲಿ 63 ಸಾವು, ಹುಸಿಮಾತ್ರೆಯ ಗುಂಪಿನಲ್ಲಿ 26. ಇಸಿಜಿ ಚೆನ್ನಾಯಿತು, ರೋಗಿ ಉಳಿಯಲಿಲ್ಲ. ಈ ಪ್ರಯೋಗ ನಡೆಯದೇ ಹೋಗಿದ್ದರೆ ಸತ್ತ ಪ್ರತಿಯೊಬ್ಬರನ್ನೂ ‘ಹೃದ್ರೋಗದಿಂದ ಸತ್ತರು’ ಎಂದೇ ಬರೆಯುತ್ತಿದ್ದರು.

ಚೀಟಿ ಎತ್ತುವುದೇ ಏಕೆ?

ಗದ್ದೆಗೆ ಹೊಸ ಗೊಬ್ಬರ ಹಾಕಿ ನೋಡುವ ರೈತ ಪೂರ್ತಿ ಗದ್ದೆಗೆ ಹಾಕುವುದಿಲ್ಲ, ಒಂದು ಪಟ್ಟಿಗೆ ಹಾಕಿ ಪಕ್ಕದ ಪಟ್ಟಿಯನ್ನು ಹಾಗೇ ಬಿಡುತ್ತಾನೆ. ಆದರೆ ನೀರು ಚೆನ್ನಾಗಿ ನಿಲ್ಲುವ ಪಟ್ಟಿಗೇ ಗೊಬ್ಬರ ಹಾಕಿದರೆ ಹೆಚ್ಚಿನ ಪೈರು ಗೊಬ್ಬರದ್ದೋ ನೀರಿನದ್ದೋ ತಿಳಿಯದು. ರೋಗಿಗಳಲ್ಲಿ ಈ ‘ನೀರು’ ನೂರಾರು ಬಗೆ: ವಯಸ್ಸು, ಸಕ್ಕರೆ ಕಾಯಿಲೆ, ಬಂದ ದಿನ, ಶ್ವಾಸಕೋಶದ ಸ್ಥಿತಿ, ಮನೆಯ ಊಟ, ನಮಗೆ ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ. ಒಂದೊಂದನ್ನೇ ಸರಿದೂಗಿಸುತ್ತ ಕೂರಲಾಗದು. ಚೀಟಿ ಎತ್ತಿ ಗುಂಪು ಮಾಡಿದರೆ ಗೊತ್ತಿರುವುದೂ ಗೊತ್ತಿಲ್ಲದ್ದೂ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತದೆ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಮದ್ದಿನ ಫಲ ಪ್ರಕಟವಾದದ್ದು ಇದೇ ದಾರಿಯಲ್ಲಿ, 107 ರೋಗಿಗಳೊಂದಿಗೆ. ಅಲ್ಲಿಂದ ಮುಂದೆ ಇದೇ ಅಳತೆಗೋಲಾಯಿತು.

ಚೀಟಿ ಎತ್ತುವುದು ಕೇಳಲು ಸುಲಭ, ಕೆಡುವುದೂ ಸುಲಭ. ಮುಂದಿನ ಚೀಟಿಯಲ್ಲಿ ಏನಿದೆ ಎಂದು ವೈದ್ಯರಿಗೆ ಮೊದಲೇ ತಿಳಿದರೆ, ಮರುಕದಿಂದಲೇ ಆದರೂ, ಹೆಚ್ಚು ನರಳುತ್ತಿರುವವರನ್ನು ಮದ್ದಿನ ಕಡೆಗೆ ತಳ್ಳುತ್ತಾರೆ. ಸೋಮವಾರ ಬಂದವರಿಗೆ ಮದ್ದು, ಮಂಗಳವಾರ ಬಂದವರಿಗೆ ಇಲ್ಲ ಎಂಬ ಪದ್ಧತಿಯಲ್ಲೂ ಇದೇ ದೋಷ. ಮುಚ್ಚಿದ ಲಕೋಟೆಯನ್ನು ದೀಪಕ್ಕೆ ಹಿಡಿದು ನೋಡಿದವರೂ ಇದ್ದಾರೆ. ಆದ್ದರಿಂದ ಈಗ ದೂರದ ಕಂಪ್ಯೂಟರಿಗೆ ರೋಗಿಯ ವಿವರ ತುಂಬಿದ ಮೇಲಷ್ಟೇ ಗುಂಪು ತಿಳಿಯುವಂತೆ ಮಾಡುತ್ತಾರೆ.

ಗುಂಪು ಒಮ್ಮೆ ಬಿದ್ದರೆ ಬದಲಾಗಬಾರದು. ಮದ್ದಿನ ಗುಂಪಿನವರೊಬ್ಬರು ಎರಡನೇ ದಿನ ಮದ್ದು ಬಿಟ್ಟರೂ ಅವರನ್ನು ಅದೇ ಗುಂಪಿನಲ್ಲಿ ಎಣಿಸಬೇಕು. ಹೊರಗಿನವರಿಗೆ ಇದು ವಿಚಿತ್ರ ಎನಿಸುತ್ತದೆ. ಆದರೆ ಮದ್ದು ಬಿಡುವವರು ಹೆಚ್ಚಾಗಿ ಸೋತವರು, ವಾಂತಿಯಾದವರು, ಸಾವಿನಂಚಿನವರು. ಅವರನ್ನು ಪಟ್ಟಿಯಿಂದ ತೆಗೆದರೆ ಉಳಿದವರ ಫಲಿತಾಂಶ ತಾನೇ ಚೆನ್ನಾಗುತ್ತದೆ, ಫೇಲಾಗುವ ಮಕ್ಕಳನ್ನು ಪರೀಕ್ಷೆಗೇ ಕೂರಿಸದೆ ನೂರಕ್ಕೆ ನೂರು ತೋರಿಸುವ ಶಾಲೆಯಂತೆ.

ಸಂಖ್ಯೆಯೂ ದೊಡ್ಡದಿರಬೇಕು. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಅಥವಾ ಹೆಚ್ಚು ಸಲ ತಲೆ ಬೀಳುವುದು ಅಪರೂಪವೇನಲ್ಲ. ಹಾಗೆ ಆಡುವವರಲ್ಲಿ ಸರಾಸರಿ ಆರಕ್ಕೆ ಒಬ್ಬರಿಗೆ ಅದು ಬರುತ್ತದೆ. 100ಕ್ಕೆ 20 ಇದ್ದ ಸಾವನ್ನು ಮದ್ದು 16ಕ್ಕೆ ಇಳಿಸುತ್ತದೆ ಎಂದುಕೊಳ್ಳಿ. ಇದನ್ನು ಅದೃಷ್ಟದಾಟದಿಂದ ಬೇರ್ಪಡಿಸಿ ಹಿಡಿಯಲು ಎರಡೂ ಗುಂಪು ಸೇರಿ ಸುಮಾರು 3,000 ರೋಗಿಗಳು ಬೇಕು. ಮೂವತ್ತು ರೋಗಿಗಳ ಮೇಲೆ ನೋಡಿ ‘ಅದ್ಭುತ ಫಲ’ ಎಂದ ಸುದ್ದಿಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಬೇಕು.

39 ಆಸ್ಪತ್ರೆ, 464 ರೋಗಿಗಳು

ಪ್ಲಾಸ್ಮಾ ಪ್ರಶ್ನೆಗೆ ಚೀಟಿಯ ಮೂಲಕ ಉತ್ತರ ಹುಡುಕಿದ ಮೊದಲಿಗರಲ್ಲಿ ಭಾರತವೂ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ‘ಪ್ಲಾಸಿಡ್’ ಟ್ರಯಲ್ 2020ರ ಏಪ್ರಿಲ್ 22ರಿಂದ ಜುಲೈ 14ರ ನಡುವೆ ದೇಶದ 39 ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ 464 ವಯಸ್ಕ ರೋಗಿಗಳನ್ನು ಸೇರಿಸಿಕೊಂಡಿತು. ಎಲ್ಲರೂ ಮಧ್ಯಮ ತೀವ್ರತೆಯವರು. 235 ಮಂದಿಗೆ ಎಂದಿನ ಚಿಕಿತ್ಸೆಯ ಜೊತೆ 200 ಮಿಲಿಲೀಟರ್ ಪ್ಲಾಸ್ಮಾವನ್ನು 24 ಗಂಟೆಗಳ ಅಂತರದಲ್ಲಿ ಎರಡು ಸಲ ಏರಿಸಿದರು. 229 ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ. ಮೊದಲೇ ಬರೆದಿಟ್ಟ ಪ್ರಾಥಮಿಕ ಫಲಿತಾಂಶ: 28 ದಿನದೊಳಗೆ ರೋಗ ತೀವ್ರ ಹಂತಕ್ಕೆ ಹೋಗುವುದು ಅಥವಾ ಸಾವು.

ಪ್ಲಾಸ್ಮಾ ಗುಂಪಿನಲ್ಲಿ 44 ಮಂದಿಗೆ ಹಾಗಾಯಿತು, ಇನ್ನೊಂದರಲ್ಲಿ 41. ಸಾವು 34 ಮತ್ತು 31. ಅಂದರೆ ವ್ಯತ್ಯಾಸವೇ ಇಲ್ಲ.

ಇದೇ ಅಧ್ಯಯನದ ಇನ್ನೆರಡು ಅಂಕಿಗಳು ಇದಕ್ಕಿಂತ ಹೆಚ್ಚು ಕಲಿಸುತ್ತವೆ. ಏಳನೇ ದಿನಕ್ಕೆ ಪ್ಲಾಸ್ಮಾ ಗುಂಪಿನ ಹೆಚ್ಚು ಮಂದಿಗೆ ಉಬ್ಬಸ, ಸುಸ್ತು ಇಳಿದಿತ್ತು, ಹೆಚ್ಚು ಮಂದಿಯ ವೈರಸ್ ಪರೀಕ್ಷೆ ನೆಗೆಟಿವ್ ಬಂದಿತ್ತು. ವಾರ್ಡಿನಲ್ಲಿ ನಿಂತು ನೋಡುವ ವೈದ್ಯರ ಕಣ್ಣಿಗೆ ಬೀಳುವುದು ಇದೇ. ‘ನಾನು ಕಣ್ಣಾರೆ ಕಂಡಿದ್ದೇನೆ’ ಎಂದವರು ಸುಳ್ಳು ಹೇಳಲಿಲ್ಲ. ಆದರೆ ಇಲ್ಲಿ ಯಾರಿಗೆ ಪ್ಲಾಸ್ಮಾ ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ಸುಸ್ತು ಎಷ್ಟಿದೆ ಎಂದು ಕೇಳಿದಾಗ ಬರುವ ಉತ್ತರದಲ್ಲಿ ಆ ಭರವಸೆಯೂ ಬೆರೆತಿರುತ್ತದೆ. ನೆಗೆಟಿವ್ ರಿಪೋರ್ಟು ಹಾಗೆ ಬೆರೆಯುವಂಥದ್ದಲ್ಲ, ಆದರೂ ಅದು ಬದಲಿ ಅಳತೆಯಷ್ಟೇ. ವೈರಸ್ ಹೋದರೂ ಸಾವು ಕಡಿಮೆಯಾಗಲಿಲ್ಲ.

‘ಕೊಟ್ಟ ಪ್ಲಾಸ್ಮಾದಲ್ಲಿ ಪ್ರತಿಕಾಯ ಸಾಕಷ್ಟಿರಲಿಲ್ಲ’ ಎಂಬ ಆಕ್ಷೇಪ ಬಂತು. ನ್ಯಾಯವಾದ ಆಕ್ಷೇಪವೇ, ಏಕೆಂದರೆ ಬಹಳ ದಾನಿಗಳಲ್ಲಿ ಅದರ ಮಟ್ಟ ಕಡಿಮೆಯಿತ್ತು. ಇದಕ್ಕೆ ಉತ್ತರ ಬ್ರಿಟನ್ನಿನ ‘ರಿಕವರಿ’ ಟ್ರಯಲ್‌ನಿಂದ ಸಿಕ್ಕಿತು. ಪ್ರತಿಕಾಯ ಹೆಚ್ಚಿರುವ ಪ್ಲಾಸ್ಮಾವನ್ನೇ ಆರಿಸಿ ಕೊಟ್ಟ 5,795 ಮಂದಿಯಲ್ಲಿ 1,399 ಸಾವು, ಕೊಡದ 5,763 ಮಂದಿಯಲ್ಲಿ 1,408. ಎರಡೂ ಕಡೆ 24%. ಈ ಫಲಿತಾಂಶ 2021ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಮೇ 17ರಂದು ಭಾರತದ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿತ್ತು.

ಒಂದೇ ಮದ್ದು, ಮೂರು ಉತ್ತರ

ಡೆಕ್ಸಾಮೆಥಾಸೋನ್ ಹಳೆಯ, ಅಗ್ಗದ ಸ್ಟೆರಾಯ್ಡ್. ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು ಅದರ ಕೆಲಸ. ಸೋಂಕಿರುವವರಿಗೆ ಇದನ್ನು ಕೊಡುವುದೇ ತಪ್ಪು ಎಂದು ಒಂದು ಪಂಗಡ, ಶ್ವಾಸಕೋಶದ ಉರಿಯೂತ ಇಳಿಸಲು ಬೇಕೇ ಬೇಕು ಎಂದು ಇನ್ನೊಂದು. ರಿಕವರಿ ಟ್ರಯಲ್ ದಿನಕ್ಕೆ 6 ಮಿಲಿಗ್ರಾಂನಂತೆ ಗರಿಷ್ಠ 10 ದಿನ 2,104 ರೋಗಿಗಳಿಗೆ ಕೊಟ್ಟು, ಕೊಡದ 4,321 ಮಂದಿಯೊಂದಿಗೆ ಹೋಲಿಸಿತು. 28 ದಿನದ ಸಾವಿನ ಲೆಕ್ಕವನ್ನು ಚೀಟಿ ಎತ್ತಿದ ದಿನ ರೋಗಿ ಹೇಗಿದ್ದರು ಎಂಬುದರ ಮೇಲೆ ಬಿಡಿಸಿದಾಗ ಹೀಗೆ ಕಂಡಿತು.

ವೆಂಟಿಲೇಟರ್ ಮೇಲಿದ್ದವರು: ಮದ್ದು ಪಡೆದ 324ರಲ್ಲಿ 95 ಸಾವು (29.3%), ಪಡೆಯದ 683ರಲ್ಲಿ 283 (41.4%).
ಆಮ್ಲಜನಕ ಮಾತ್ರ ಬೇಕಾದವರು: 1,279ರಲ್ಲಿ 298 (23.3%), 2,604ರಲ್ಲಿ 682 (26.2%).
ಆಮ್ಲಜನಕ ಬೇಡವಾದವರು: 501ರಲ್ಲಿ 89 (17.8%), 1,034ರಲ್ಲಿ 145 (14.0%).

ಕೊನೆಯ ಸಾಲಿನಲ್ಲಿ ದಿಕ್ಕೇ ತಿರುಗಿದೆ. ಆ ವ್ಯತ್ಯಾಸ ಅದೃಷ್ಟದಾಟವೂ ಆಗಿರಬಹುದಾದಷ್ಟು ಸಣ್ಣದು, ಹಾಗಾಗಿ ‘ಮದ್ದು ಕೊಂದಿತು’ ಎನ್ನುವಂತಿಲ್ಲ. ಉಪಯೋಗವಾಯಿತು ಎನ್ನಲಂತೂ ಯಾವ ಸುಳಿವೂ ಇಲ್ಲ. ಕಾರಣ ಊಹಿಸಬಹುದು. ಮೊದಲ ದಿನಗಳಲ್ಲಿ ವೈರಸ್ ಹೆಚ್ಚುತ್ತಿರುತ್ತದೆ, ಆಗ ನಿರೋಧಕ ಶಕ್ತಿ ಬೇಕು. ಆಮೇಲಿನ ಹಂತದಲ್ಲಿ ಅದೇ ಶಕ್ತಿ ಅತಿರೇಕಕ್ಕೆ ಹೋಗಿ ಶ್ವಾಸಕೋಶವನ್ನು ಕೆಡಿಸುತ್ತದೆ, ಆಗ ತಗ್ಗಿಸಬೇಕು.

ಸುದ್ದಿಯಲ್ಲಿ ಉಳಿದದ್ದು ‘ಕೋವಿಡ್‌ಗೆ ಸ್ಟೆರಾಯ್ಡ್ ಒಳ್ಳೆಯದು’ ಎಂಬ ಒಂದೇ ಸಾಲು. ಎರಡನೇ ಅಲೆಯಲ್ಲಿ ಜ್ವರ ಬಂದ ಮೊದಲ ದಿನವೇ, ಆಮ್ಲಜನಕದ ಮಟ್ಟ 98 ಇದ್ದಾಗಲೂ, ಮನೆಯಲ್ಲೇ ಸ್ಟೆರಾಯ್ಡ್ ನುಂಗಿದವರಿದ್ದರು. ಸ್ಟೆರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಹತೋಟಿ ತಪ್ಪಿದ ಮಧುಮೇಹ ಮತ್ತು ಅತಿಯಾದ ಸ್ಟೆರಾಯ್ಡ್ ಎರಡೂ, ಕಪ್ಪು ಶಿಲೀಂಧ್ರ ಎಂದು ಹೆಸರಾದ ಮ್ಯೂಕರ್‌ಮೈಕೋಸಿಸ್‌ಗೆ ದಾರಿ ಮಾಡಿಕೊಡುವಂಥವು. ಆ ಮೂರು ಸಾಲಿನ ಪಟ್ಟಿಯನ್ನು ಒಂದು ಸಾಲಿಗೆ ಇಳಿಸಿದ್ದರ ಬೆಲೆ ಅದು.

ಶೇಕಡಾವಾರಿನ ಕಣ್ಕಟ್ಟು

ವೆಂಟಿಲೇಟರ್ ರೋಗಿಗಳಲ್ಲಿ ‘ಸಾವು ಮೂರನೇ ಒಂದು ಭಾಗ ಕಡಿಮೆ’ ಎಂದು ವರದಿಯಾದದ್ದು ಸರಿಯೇ, ಎರಡೂ ಗುಂಪಿನ ವಯಸ್ಸಿನ ವ್ಯತ್ಯಾಸ ಸರಿದೂಗಿಸಿದಾಗ ಬರುವ ಉತ್ತರ ಅದು. ಆದರೆ 100 ರೋಗಿಗಳನ್ನು ಮುಂದೆ ನಿಲ್ಲಿಸಿಕೊಂಡು ಯೋಚಿಸಿ. ಮದ್ದಿಲ್ಲದೆ 41 ಮಂದಿ ಸಾಯುತ್ತಿದ್ದರು, ಮದ್ದಿನಿಂದ 29. ಅಂದರೆ 12 ಮಂದಿ ಉಳಿದರು. ಇನ್ನೊಂದು ಬಗೆಯಲ್ಲಿ, ಒಬ್ಬರ ಜೀವ ಉಳಿಸಲು ಸುಮಾರು 8 ಮಂದಿಗೆ ಮದ್ದು ಕೊಡಬೇಕು. ಆಮ್ಲಜನಕ ಮಾತ್ರ ಬೇಕಾದವರಲ್ಲಿ ಇದೇ ಲೆಕ್ಕ ಸುಮಾರು 34ಕ್ಕೆ ಒಬ್ಬರು. ಇಷ್ಟು ಅಗ್ಗದ ಮದ್ದಿಗೆ ಇವೆರಡೂ ದೊಡ್ಡ ಲಾಭವೇ.

ಮೂಲ ಅಪಾಯ ಸಣ್ಣದಿದ್ದಾಗ ಕಣ್ಕಟ್ಟು ಜೋರು. 1,000ಕ್ಕೆ 2 ಇದ್ದದ್ದು 1 ಆದರೂ ‘50% ಕಡಿತ’ ಎಂದೇ ಬರೆಯಬಹುದು. 2020ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥ ಸ್ಟೀಫನ್ ಹಾನ್ ಅವರೇ ಇದರಲ್ಲಿ ಎಡವಿದರು. ಪ್ಲಾಸ್ಮಾದಿಂದ 100 ರೋಗಿಗಳಲ್ಲಿ 35 ಮಂದಿ ಉಳಿಯುತ್ತಾರೆ ಎಂಬರ್ಥದ ಮಾತಾಡಿ, ಮರುದಿನ ತಿದ್ದಿಕೊಂಡರು. 35% ಎಂಬುದು ಪ್ಲಾಸ್ಮಾ ಪಡೆದವರಲ್ಲೇ ಒಂದು ಗುಂಪನ್ನು ಇನ್ನೊಂದರೊಡನೆ ಹೋಲಿಸಿದ ಅಂಕಿ. 100 ರೋಗಿಗಳ ಲೆಕ್ಕದಲ್ಲಿ ಆ ಅಂತರ ಬೆರಳೆಣಿಕೆಯಷ್ಟು. ಆ ಹೋಲಿಕೆಯಲ್ಲಿ ಪ್ಲಾಸ್ಮಾ ಪಡೆಯದವರೇ ಇರಲಿಲ್ಲ, ಚೀಟಿಯನ್ನೂ ಎತ್ತಿರಲಿಲ್ಲ.

ಆಸ್ಪತ್ರೆಗೆ ಆಸ್ಪತ್ರೆಯನ್ನು ತೂಗುವಾಗ

‘ಅಲ್ಲಿಗೆ ಹೋದವರು ವಾಪಸ್ ಬರಲ್ಲ’ ಎಂಬ ಹೆಸರು ಕೆಲವು ದೊಡ್ಡಾಸ್ಪತ್ರೆಗಳಿಗಿದೆ. ಒಂದು ಕಲ್ಪಿತ ಲೆಕ್ಕ ನೋಡಿ. ಸಣ್ಣ ಆಸ್ಪತ್ರೆಗೆ 900 ಹಗುರ ಕೇಸು ಬಂದು 9 ಸಾವು (1%), 100 ಗಂಭೀರ ಕೇಸು ಬಂದು 20 ಸಾವು (20%). ದೊಡ್ಡಾಸ್ಪತ್ರೆಗೆ 200 ಹಗುರ ಕೇಸು, 1 ಸಾವು (0.5%), 800 ಗಂಭೀರ ಕೇಸು, 120 ಸಾವು (15%). ಹಗುರ ಕೇಸಿನಲ್ಲೂ ಗಂಭೀರ ಕೇಸಿನಲ್ಲೂ ದೊಡ್ಡಾಸ್ಪತ್ರೆಯೇ ಮೇಲು. ಒಟ್ಟು ಕೂಡಿಸಿದರೆ ಸಣ್ಣದರಲ್ಲಿ 1,000ಕ್ಕೆ 29 ಸಾವು, ದೊಡ್ಡದರಲ್ಲಿ 121!

ಇದಕ್ಕೇ ಸಂಶೋಧಕರು ರೋಗಿಯ ವಯಸ್ಸು, ಬಂದಾಗಿನ ರಕ್ತದೊತ್ತಡ, ಮೂತ್ರಪಿಂಡದ ಸ್ಥಿತಿ, ಜೊತೆ ಕಾಯಿಲೆಗಳನ್ನು ಹಿಡಿದು ‘ಇಂಥ ರೋಗಿಗಳಲ್ಲಿ ಎಷ್ಟು ಸಾವು ನಿರೀಕ್ಷಿತ’ ಎಂದು ಮೊದಲು ಲೆಕ್ಕ ಹಾಕುತ್ತಾರೆ. ಆಮೇಲೆ ನಿಜವಾಗಿ ಆದ ಸಾವನ್ನು ಅದರಿಂದ ಭಾಗಿಸುತ್ತಾರೆ. ಉತ್ತರ 1ಕ್ಕಿಂತ ಕಡಿಮೆ ಬಂದರೆ ನಿರೀಕ್ಷೆಗಿಂತ ಒಳ್ಳೆಯ ಆರೈಕೆ. ಕೈಗುಣಕ್ಕೂ ಇದೇ ಮಾತು: ಕಷ್ಟದ ಕೇಸುಗಳನ್ನೆಲ್ಲ ಬೇರೆಡೆಗೆ ಕಳಿಸುವ ಡಾಕ್ಟರ ಕೈಗುಣ ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಸಹಿ ಹಾಕುವ ಮುನ್ನ

ಭಾರತದಲ್ಲಿ ಹೊಸ ಔಷಧಗಳ ಟ್ರಯಲ್‌ಗಳನ್ನು 2019ರ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮ’ಗಳು ನಿಯಂತ್ರಿಸುತ್ತವೆ. ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಅವು ಶುರುವಾಗುವಂತಿಲ್ಲ. ಆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ, ಅವರಲ್ಲಿ ಕಾನೂನು ತಿಳಿದವರೊಬ್ಬರು, ವೈದ್ಯರಲ್ಲದ ಸಾಮಾನ್ಯರೊಬ್ಬರು ಇರಬೇಕು. ಅರ್ಧದಷ್ಟು ಸದಸ್ಯರು ಆ ಸಂಸ್ಥೆಗೆ ಸೇರದವರಾಗಿರಬೇಕು.

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಓದು ಬಾರದವರಿಗೆ ಓದಿ ಹೇಳುವಾಗ ಟ್ರಯಲ್‌ನೊಂದಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಸೇರಲ್ಲ ಎಂದರೂ, ನಡುವೆ ಬಿಟ್ಟರೂ ಎಂದಿನ ಚಿಕಿತ್ಸೆಗೆ ಅಡ್ಡಿಯಾಗುವಂತಿಲ್ಲ. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು, ಸಾವಾದರೆ ಪರಿಹಾರ ವಾರಸುದಾರರಿಗೆ. ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಇನ್ನೊಂದು ಗುಂಪಿಗೆ ಬಿದ್ದರೆ ನಮಗೇನು ಸಿಗುತ್ತದೆ?’ ಒಪ್ಪಿತ ಚಿಕಿತ್ಸೆ ಇರುವ ಕಾಯಿಲೆಗೆ ‘ಏನೂ ಇಲ್ಲ’ ಎಂಬ ಉತ್ತರ ಬಂದರೆ ಸಹಿ ಹಾಕುವ ಮುಂಚೆ ನೈತಿಕ ಸಮಿತಿಗೆ ಫೋನ್ ಮಾಡಿ. ಆ ಸಂಖ್ಯೆ ಒಪ್ಪಿಗೆ ಪತ್ರದಲ್ಲೇ ಇರಬೇಕು.

ಐಸಿಎಂಆರ್ 2007ರಲ್ಲಿ ಆರಂಭಿಸಿದ ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿ ಪುಸ್ತಕವೂ ಇದೆ. 2009ರ ಜೂನ್ 15ರಿಂದ ಟ್ರಯಲ್‌ಗಳು ಅದರಲ್ಲಿ ದಾಖಲಾಗುವುದು ಕಡ್ಡಾಯ. ಆಸ್ಪತ್ರೆಯವರಿಂದ ನೋಂದಣಿ ಸಂಖ್ಯೆ ಕೇಳಿ ಪಡೆದು, ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅಲ್ಲಿ ಎರಡು ಸಾಲು ಹುಡುಕಿ. ಒಂದು, ಪ್ರಾಥಮಿಕ ಫಲಿತಾಂಶದಲ್ಲಿ ಏನು ಬರೆದಿದ್ದಾರೆ: ರೋಗಿಯ ಜೀವವೋ, ಲ್ಯಾಬ್ ರಿಪೋರ್ಟೋ? ಇನ್ನೊಂದು, ನೋಂದಣಿಯ ತಾರೀಖು ಮೊದಲ ರೋಗಿಯನ್ನು ಸೇರಿಸಿಕೊಂಡ ತಾರೀಖಿಗಿಂತ ಮುಂಚಿನದೋ, ಆಮೇಲಿನದೋ?